ಸಹಾಯ ಬೇಕು: ಸರ್ವೇ ಮಾಡಿಸಿ ಕೊಂಡ ಹಳೇ ದೋಣಿ ಒಳಗೆಲ್ಲ ಕೊಳೆತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾರೆ. ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತಂದರು. ಕೊಳ್ಳುವ ಮೊದಲೇ, ದೋಣಿ ಹೇಗಿದೆ ಅಂತ ಪರೀಕ್ಷಿಸಿ ಹೇಳುವ ಸರ್ವೇಯರ್ ಒಬ್ಬರಿಗೆ ಫೀಸು ಕೊಟ್ಟು ನೋಡಿಸಿದ್ದರು. ‘ಕಂಡಿಷನ್ ಚೆನ್ನಾಗಿದೆ’ ಅಂತ ರಿಪೋರ್ಟೂ ಕೈಲಿದೆ.

ಇಲ್ಲಿಗೆ ತಂದು, ಎಂಜಿನ್ ಕೂರಿಸುವ ಹಿಂಭಾಗದ ಬೋಲ್ಟ್ ಬಿಚ್ಚಿದರೆ ತೂತಿನಿಂದ ಕಂದು ನೀರು ಸುರಿಯಿತು. ಒಳಗಿನ ಪ್ಲೈವುಡ್ ನೆನೆದ ಅವಲಕ್ಕಿ ಥರ ಬೆರಳಿಗೇ ಕಿತ್ತು ಬರುತ್ತಿದೆ. ಮೇಲೆ ಮಾತ್ರ ಹೊಸ ಪೇಂಟು, ಥಳಥಳ! ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ್ದರೂ ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಅಲ್ವಾ? ‘ಕಣ್ಣಿಗೆ ಕಂಡಷ್ಟೇ ಬರೆದಿದ್ದೇನೆ’ ಅನ್ನುತ್ತಾರೆ ಸರ್ವೇಯರ್. ಹಾಗಾದರೆ ಫೀಸು ಯಾತಕ್ಕೆ? ಮಾರಿದವರಂತೂ ಫೋನೇ ಎತ್ತುತ್ತಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು 2 ವರ್ಷ ಟೈಮ್ ಇದೆ. ನಾವಿರುವ ಜಿಲ್ಲೆಯಲ್ಲೇ, ಅಂದರೆ ಹಾಸನದ ಗ್ರಾಹಕರ ಆಯೋಗದಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ‘ವ್ಯಾಪಾರಕ್ಕೆ ಕೊಂಡದ್ದು’ ಅಂತ ಎದುರು ಕಡೆಯವರು ತಕರಾರು ತೆಗೆಯಬಹುದು. ಆದರೆ ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವರೂ ಗ್ರಾಹಕರೇ ಅಂತ ಕಾಯ್ದೆಯಲ್ಲೇ ಇದೆ.

ಅನುಭವ ಇರುವವರು ದಯವಿಟ್ಟು ಹೇಳಿ. ಸರ್ವೇಯರ್ ಮೇಲೆ ಮಾತ್ರ ದೂರು ಕೊಡುವುದೋ, ಮಾರಿದವರನ್ನೂ ಸೇರಿಸುವುದೋ? ಮೊದಲು ವಕೀಲರಿಂದ ನೋಟಿಸ್ ಕಳಿಸಿದರೆ ಸುಮ್ನೆ ಖರ್ಚಾ, ಉಪಯೋಗ ಇದೆಯಾ? ಸಾಕ್ಷಿ ಹಾಳಾಗುತ್ತದೆ ಅಂತ ರಿಪೇರಿಗೆ ಕೈ ಹಾಕಿಲ್ಲ, ಫೋಟೋ ವಿಡಿಯೋ ಎಲ್ಲಾ ತೆಗೆದಿಟ್ಟಿದ್ದೇವೆ. ಗೊರೂರಿಗೆ ಬಂದು ದೋಣಿ ನೋಡಿ, ಬರವಣಿಗೆಯಲ್ಲಿ ರಿಪೋರ್ಟ್ ಕೊಡುವ ಬೇರೆ ಸರ್ವೇಯರ್ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ನಂಬರ್ ಹಾಕಿ.