ಐಸಿಯು ಮುಂದೆ ನಿಂತಾಗ ‘ಪ್ರಾಕ್ಟಿಕಲ್ ಆಗಿ ಯೋಚಿಸು’ ಅಂದರೆ?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 81. ಸ್ಟ್ರೋಕ್ ಆಗಿ 11 ದಿನದಿಂದ ಜಯನಗರದ ಹತ್ತಿರ ಒಂದು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಭಾವ “ಪ್ರಾಕ್ಟಿಕಲ್ ಆಗಿ ಯೋಚಿಸು, ಎಷ್ಟು ದಿನ ಸಾಲ ಮಾಡ್ತೀಯ” ಅಂತಾರೆ. ಅಣ್ಣ “ಪೈಪ್ ತೆಗೆಸಿದರೆ ಅಪ್ಪನ್ನ ಕೊಂದ ಹಾಗೆ” ಅಂತಾನೆ. ಇಂಥದ್ದಕ್ಕೆ ಪ್ರಾಕ್ಟಿಕಲ್ ಯೋಚನೆಯಿಂದ ಉತ್ತರ ಸಿಗುತ್ತಾ?

ಉತ್ತರ (ಉಪಶಾಮಕ ಆರೈಕೆ, ಅಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ವೈದ್ಯೆ): ಅರ್ಧ ಸಿಗುತ್ತೆ, ದುಡ್ಡಿನ ಲೆಕ್ಕದಿಂದ ಶುರು ಮಾಡದಿದ್ದರೆ. ಭಾವನವರದು ತಪ್ಪಲ್ಲ, ಐಸಿಯು ಬಿಲ್ಲಿಗೆ ಸೈಟು ಮಾರಿದವರನ್ನ ನೋಡಿದ್ದೇನೆ. ಆದರೆ ಅದು ಮೂರನೇ ಪ್ರಶ್ನೆ. ಮೊದಲನೆಯದು, ಚೇತರಿಸಿಕೊಂಡರೂ ಎಷ್ಟರ ಮಟ್ಟಿಗೆ? ಡಾಕ್ಟರು “ಕಾದು ನೋಡೋಣ” ಅಂದರೆ ಏನಕ್ಕೆ ಕಾಯೋದು ಅಂತ ಬಿಡದೆ ಕೇಳಿ. ಎರಡನೆಯದು, ಅಪ್ಪನಿಗೇ ಮಾತು ಬರುತ್ತಿದ್ದರೆ ಏನನ್ನುತ್ತಿದ್ದರು?

ಅಣ್ಣನಿಗೂ ತಿಳಿಸಿ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ನಿಯಮ ಸಡಿಲಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶ ಹೊರಡಿಸಿತು. ವೆಂಟಿಲೇಟರ್ ತೆಗೆಯಬೇಕಾದರೆ, ಚೇತರಿಕೆಯ ಆಸೆಯೇ ಇಲ್ಲ ಅಂತ 3 ವೈದ್ಯರ ಮಂಡಳಿ ಹೇಳಬೇಕು, ಆಮೇಲೆ ಇನ್ನೊಂದು 3 ವೈದ್ಯರ ಮಂಡಳಿ ಅದನ್ನು ಒಪ್ಪಬೇಕು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ನೀವೊಬ್ಬರೇ ಹೋಗಿ ಸ್ವಿಚ್ ಆರಿಸೋದಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸೋದಕ್ಕಂತೂ ನಮ್ಮಲ್ಲಿ ಅನುಮತಿಯೇ ಇಲ್ಲ.

ಪ್ರಶ್ನೆ: ಅಪ್ಪ ಯಾವಾಗಲೂ “ಇನ್ನೊಬ್ಬರ ಕೈಲಿ ಮೈ ತೊಳೆಸಿಕೊಳ್ಳೋ ಹಾಗಾಗಬಾರದು” ಅಂತಿದ್ದರು. ಆದರೆ ಹೋದ ದಸರಾದಲ್ಲಿ “ಮೊಮ್ಮಗಳ ಮದುವೆ ನೋಡದೆ ಹೋಗಲ್ಲ” ಅಂದರು. ಯಾವುದನ್ನ ಹಿಡೀಲಿ?

ಉತ್ತರ: ಪ್ರಾಕ್ಟಿಕಲ್ ಯೋಚನೆ ಕೈಚೆಲ್ಲೋದು ಇಲ್ಲೇ. ಎರಡೂ ಅವರದೇ ಮಾತು. ಹಾವೂ ಸಾಯದೆ ಕೋಲೂ ಮುರಿಯದ ದಾರಿ ಇದರಲ್ಲಿಲ್ಲ. (ನೀತಿಯ ವಿಷಯದಲ್ಲಿ ಗಣಿತದ ಖಚಿತತೆ ಕೇಳಬಾರದು ಅಂತ ಅರಿಸ್ಟಾಟಲ್ಲೇ ಹೇಳಿದ್ದಾನೆ.)

ಐಸಿಯುನಲ್ಲಿ ನಾವು ಮಾಡೋದು ಗಡುವಿಟ್ಟು ನೋಡೋದು. 11 ದಿನ ಆಗಿದೆ ಅಂದರೆ ಕುತ್ತಿಗೆಗೆ ತೂತು ಮಾಡಿ ಟ್ಯೂಬ್ ಹಾಕೋ ಮಾತು ಬಂದೇ ಇರುತ್ತೆ. ಅದಕ್ಕೆ ಸಹಿ ಹಾಕೋ ಮುಂಚೆ ಕೂತು ಮಾತಾಡಿ. ಇಂತಿಷ್ಟು ದಿನ ಪೂರ್ತಿ ಚಿಕಿತ್ಸೆ. ಅಷ್ಟರಲ್ಲಿ ಯಾವ ಲಕ್ಷಣ ಕಂಡರೆ ಮುಂದುವರಿಸೋದು, ಕಾಣದಿದ್ದರೆ ಮಂಡಳಿಗೆ ಕೇಳೋದು ಅಂತ ಈಗಲೇ ಬರೆದಿಟ್ಟುಕೊಳ್ಳಿ, ಅಣ್ಣನ ಎದುರಿಗೇ. ಆಮೇಲೂ ನಿದ್ದೆ ಬರದೇ ಹೋಗಬಹುದು. ಅದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ.

ಪ್ರಶ್ನೆ ಕೇಳಿದವರು: ಬುಧವಾರದವರೆಗೆ ಅಂತ ಬರೆದುಕೊಂಡ್ವಿ, ಡಾಕ್ಟ್ರೇ. ಅಣ್ಣ ಹೂಂ ಅನ್ನಲಿಲ್ಲ, ಎದ್ದೂ ಹೋಗಲಿಲ್ಲ.