ಮೊದಲು ಕಾಗದ, ಆಮೇಲೆ ಟಿಕೆಟ್

ಅಕ್ಕಾ, ನಿಮ್ಮ ಮೆಸೇಜ್ ನೋಡಿದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದೀನಿ, ಪುಟ್ಟಿಗೂ ಕೇಳಿಸಿ. ಪುಟ್ಟಿಯನ್ನ ಪಾಠ ಮಾಡೋಕೆ ಕರೆದಿರೋ ಇಂಡೋನೇಷ್ಯಾದ ಜಾವಾ ದ್ವೀಪದ ಸೋಲೋ ಊರಿನ ಇಂಗ್ಲಿಷ್ ಕೋರ್ಸ್ ಸೆಂಟರ್‌ನವರು "ವೀಸಾ ಆನ್ ಅರೈವಲ್‌ನಲ್ಲಿ, ಅಂದ್ರೆ ಇಲ್ಲಿ ಇಳಿದ ಮೇಲೆ ಸಿಗೋ ವೀಸಾದಲ್ಲಿ, ಬಂದ್ಬಿಡಿ, ಮಿಕ್ಕಿದ್ದು ಆಮೇಲೆ ನೋಡೋಣ" ಅಂದಿದಾರೆ, ಹೋಗಬಹುದಾ ಅಂತ ಕೇಳಿದೀರಿ. ಜೊತೆಗೆ ಮಾಂಸ, ಮೀನು ತಿನ್ನದ ಪುಟ್ಟಿಯ ಊಟದ ಚಿಂತೆ.

ಆ ಥರ ಹೋಗೋದು ಬೇಡವೇ ಬೇಡ. ಆ ವೀಸಾಗೆ 5 ಲಕ್ಷ ರುಪಿಯಾ. ಗಾಬರಿ ಆಗ್ಬೇಡಿ, ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರದ ಮೇಲೆ ಸ್ವಲ್ಪ. ಇರೋದು 30 ದಿನ, ಇನ್ನೊಂದು 30 ದಿನ ಮುಂದುವರಿಸಬಹುದು. ಅದರಲ್ಲಿ ಕೆಲಸ ಮಾಡೋ ಹಾಗಿಲ್ಲ. ಸಿಕ್ಕಿಬಿದ್ರೆ ವಾಪಸ್ ಕಳಿಸ್ತಾರೆ, ಮತ್ತೆ ಒಳಗೆ ಬಿಡದೇ ಇರೋ ಪಟ್ಟಿಗೂ ಹೆಸರು ಸೇರಬಹುದು. ಕರೆಸಿದವರಿಗಿಂತ ಹೋದವರಿಗೇ ಪೆಟ್ಟು ಜಾಸ್ತಿ.

ಸರಿಯಾದ ದಾರಿ ಹೀಗೆ. ಶಾಲೆಯವರು ಮೊದಲು ಅಲ್ಲಿನ ಕಾರ್ಮಿಕ ಸಚಿವಾಲಯದಿಂದ ವಿದೇಶಿಯರನ್ನ ಕೆಲಸಕ್ಕೆ ಇಟ್ಟುಕೊಳ್ಳೋಕೆ ಆರ್‌ಪಿಟಿಕೆಎ ಅನ್ನೋ ಅನುಮತಿ ತಗೋಬೇಕು. ಅದು ಬಂದ ಮೇಲೆ ಕೆಲಸದ ವೀಸಾ, ಅದರ ಮೇಲೆ ವಾಸದ ಪರವಾನಗಿ, ಎಲ್ಲರೂ ಕಿತಾಸ್ ಅಂತಾರೆ. ಪುಟ್ಟಿ ಕಡೆಯಿಂದ ಕೆಲಸಕ್ಕೆ ಹೊಂದೋ ಪದವಿ ಬೇಕು, 5 ವರ್ಷದ ಅನುಭವ ಪತ್ರ ಬೇಕು. ಪತ್ರದಲ್ಲಿ ಸೇರಿದ ತಾರೀಕು, ಬಿಟ್ಟ ತಾರೀಕು, ಕಲಿಸಿದ ವಿಷಯ ಮೂರೂ ಇರಲಿ. "ಚೆನ್ನಾಗಿ ಕೆಲಸ ಮಾಡಿದ್ದಾರೆ" ಅನ್ನೋ ಒಂದೇ ಸಾಲಿನ ಪತ್ರ ಉಪಯೋಗಕ್ಕೆ ಬರಲ್ಲ. ಇಂಡೋನೇಷ್ಯಾ 2022ರ ಜೂನ್‌ನಿಂದ ಅಪೋಸ್ಟಿಲ್, ಅಂದ್ರೆ ಬೇರೆ ದೇಶದಲ್ಲೂ ನಡೆಯೋ ದೃಢೀಕರಣದ ಮುದ್ರೆ, ಒಪ್ಪುತ್ತೆ. ಹಾಗಾಗಿ ಪದವಿ ಪತ್ರಕ್ಕೆ ಮೊದಲು ನಮ್ಮ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮಾಡಿಸಿ. ಇನ್ನೊಂದು ಮಾತು, ವಿದೇಶಿ ನೌಕರರಿಗಾಗಿ ತಿಂಗಳಿಗೆ 100 ಡಾಲರ್ ಸರ್ಕಾರಕ್ಕೆ ಕಟ್ಟೋದು ಶಾಲೆಯ ಜವಾಬ್ದಾರಿ. ಅದನ್ನ ಸಂಬಳದಲ್ಲಿ ಹಿಡೀತೀವಿ ಅಂದ್ರೆ ಅಲ್ಲೇ ಅನುಮಾನ ಪಡಿ. ಕಿತಾಸ್ ಆ ಸಂಸ್ಥೆಗೇ ಅಂಟಿಕೊಂಡಿರುತ್ತೆ. ಕೆಲಸ ಬದಲಿಸಿದ್ರೆ ಕಾಗದವೂ ಹೊಸದು.

ಕೋರ್ಸ್ ಸೆಂಟರ್‌ಗಳಿಗೆ ಸಾಮಾನ್ಯವಾಗಿ ಬೇಕಾಗೋದು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಥರದ ಪಾಸ್‌ಪೋರ್ಟ್. ನಮ್ಮವರು ಎಷ್ಟೇ ಚೆನ್ನಾಗಿ ಇಂಗ್ಲಿಷ್ ಮಾತಾಡಿದ್ರೂ ಅಷ್ಟೇ. ಎಸ್‌ಪಿಕೆ ಶಾಲೆಗಳು, ಅಂದ್ರೆ ಹಿಂದೆ ಇಂಟರ್‌ನ್ಯಾಷನಲ್ ಅಂತ ಬೋರ್ಡ್ ಹಾಕ್ತಿದ್ದಂಥವು, ಅಲ್ಲಿ ಪ್ರಯತ್ನ ಮಾಡೋದು ಮೇಲು. ಶಾಲೆ ಶುರುವಾಗೋದು ಜುಲೈ ಮಧ್ಯದಲ್ಲಿ, ಅದಕ್ಕೆ ಐದಾರು ತಿಂಗಳು ಮುಂಚೆಯೇ ಅರ್ಜಿ ಹಾಕಲಿ.

ಇನ್ನು ಪಾಠ. ಪುಟ್ಟೀ, ನೀನು "ಅರ್ಥ ಆಯ್ತಾ" ಅಂದ್ರೆ ಇಡೀ ಕ್ಲಾಸು "ಯೆಸ್ ಮಿಸ್" ಅನ್ನುತ್ತೆ. ಅದು ಮರ್ಯಾದೆ, ಉತ್ತರ ಅಲ್ಲ. "ಮೊದಲು ಏನು ಮಾಡ್ತೀಯ, ಎಷ್ಟು ವಾಕ್ಯ ಬರೀತೀಯ" ಅಂತ ಕೇಳಿ ನೋಡು, ಆಗ ಬಂಡವಾಳ ಗೊತ್ತಾಗುತ್ತೆ. "ಎನಿ ಡೌಟ್ಸ್" ಅನ್ನೋದನ್ನ ಬಿಡು, ಅವರಿಗೆ ಅದು ಸಂಶಯ ಅಂತ ಕೇಳಿಸುತ್ತೆ. ಅವರ ಇಂಡೋನೇಷ್ಯಾ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ "ದಿಯಾ" ಒಂದೇ, ಹಾಗಾಗಿ "ಮೈ ಮದರ್, ಹಿ" ಅಂತಾರೆ. ಕ್ರಿಯಾಪದ ಕಾಲಕ್ಕೆ ತಕ್ಕ ಹಾಗೆ ಬದಲಾಗಲ್ಲ, ಅದಕ್ಕೆ "ಯೆಸ್ಟರ್‌ಡೇ ಐ ಗೋ". ಪದದ ಕೊನೆಯ ಡಕಾರ ಟಕಾರ ಆಗುತ್ತೆ, ಎಫ್, ವಿ ಎಷ್ಟೋ ಸಲ ಪಕಾರ ಆಗುತ್ತೆ. ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ತೋರಿಸು, ದಿನಾ ಐದು ನಿಮಿಷ ಸಾಕು. ಒಂದು ತಮಾಷೆ: ಜಾವಾ ಭಾಷೆಯಲ್ಲಿ ನಮ್ಮ ಹಾಗೇ ದ, ಡ ಬೇರೆ ಬೇರೆ. "ವೆದಿ" ಅಂದ್ರೆ ಹೆದರಿಕೆ, "ವೆಡಿ" ಅಂದ್ರೆ ಮರಳು. "ಭಾಷಾ", "ಗುರು" ಎಲ್ಲ ಇಂಡೋನೇಷ್ಯಾ ಭಾಷೆಯಲ್ಲೂ ಇದೆ. ಆದ್ರೆ "ಸುಆಮಿ" ಅಂದ್ರೆ ಗಂಡ, ಪೂಜಾರಪ್ಪ ಅಲ್ಲ!

ರಂಜಾನ್‌ನಲ್ಲಿ ಶಾಲೆ ಸಮಯ ಕಡಿಮೆ, ಮಧ್ಯಾಹ್ನ ಮಕ್ಕಳಿಗೆ ಶಕ್ತಿ ಇರಲ್ಲ, ಪರೀಕ್ಷೆ ಬೆಳಿಗ್ಗೆಯೇ ಇಡು. ಹಬ್ಬದ ಭತ್ಯೆ, ಟಿಎಚ್‌ಆರ್ ಅಂತಾರೆ, ಒಪ್ಪಂದದಲ್ಲಿ ಇದೆಯಾ ನೋಡು. ವರ್ಷ ತುಂಬಿದವರಿಗೆ ಒಂದು ತಿಂಗಳ ಸಂಬಳ.

ಅಕ್ಕಾ, ಊಟ. "ದಾಗಿಂಗ್" ತಿನ್ನಲ್ಲ ಅಂದ್ರೆ ಕೋಳಿ ಹಾಕಿ ಕೊಡ್ತಾರೆ, ಆ ಪದ ಅವರಿಗೆ ಹೆಚ್ಚಾಗಿ ದನದ ಮಾಂಸ. ಅದಕ್ಕೆ ಒಂದೊಂದನ್ನೇ ಹೆಸರು ಹಿಡಿದು ಹೇಳಬೇಕು: ಅಯಾಮ್, ಇಕಾನ್, ಉದಾಂಗ್, ತೆರಾಸಿ ಬೇಡ ಅಂತ. ಕೋಳಿ, ಮೀನು, ಸೀಗಡಿ, ಕೊನೇದು ಸೀಗಡಿ ಹುಳಿಸಿ ಮಾಡಿದ ಗಟ್ಟಿ ಮುದ್ದೆ. ಮೋಸ ಹೋಗೋದು ಅದರಲ್ಲೇ, ಚಟ್ನಿಯಲ್ಲಿ ಕಾಣಿಸದೇ ಕೂತಿರುತ್ತೆ. ಟೆಂಪೆ ಸೋಯಾದ್ದು, ಆದ್ರೆ ಕೋಳಿ ಕರಿದ ಎಣ್ಣೆಯಲ್ಲೇ ಕರೀಬಹುದು. ಸೋಲೋದ ನಾಸಿ ಲಿವೆತ್ ಅನ್ನೋ ಅನ್ನದ ತಿಂಡಿಯಲ್ಲಿ ನಮ್ಮ ಸೀಮೆಬದನೆ ಪಲ್ಯ ಇರುತ್ತೆ, ಮೇಲೆ ಕೋಳಿ. ಚಾಬುಕ್ ರಂಬಾಕ್ ಅಂತ ಅಕ್ಕಿ ಕಡುಬಿನ ಮೇಲೆ ಎಳ್ಳಿನ ಗೊಜ್ಜು ಹಾಕಿ ಕೊಡ್ತಾರೆ, ಅದು ಪುಟ್ಟಿಗೆ ಹಿಡಿಸುತ್ತೆ. ಹುಣಸೆ, ಕೊತ್ತಂಬರಿ ಬೀಜ, ಹೆಸರುಕಾಳು ಸಂತೆಯಲ್ಲೇ ಸಿಗುತ್ತೆ. ಇಂಗು, ತೊಗರಿಬೇಳೆ, ಸಾರಿನ ಪುಡಿ ಇಲ್ಲಿಂದಲೇ ಹೋಗಲಿ.

ರೂಮಿಗೆ "ಕೋಸ್" ಅಂತಾರೆ, ತಿಂಗಳ ಬಾಡಿಗೆ. ಮನೆ ಹಿಡಿದ್ರೆ ವರ್ಷದ್ದು ಮುಂಗಡ ಕೇಳ್ತಾರೆ. ಮೊದಲ ದಿನವೇ ಆರ್‌ಟಿ ಅನ್ನೋ ಅಕ್ಕಪಕ್ಕದ ಮನೆಗಳ ಗುಂಪಿನ ಮುಖ್ಯಸ್ಥರಿಗೆ ಪಾಸ್‌ಪೋರ್ಟ್ ನಕಲು ಕೊಡಬೇಕು. ಕರೆಂಟ್‌ಗೆ ಮುಂಚೆಯೇ ದುಡ್ಡು ಕಟ್ಟಿ, ಅವರು ಕೊಡೋ 20 ಅಂಕಿಯ ನಂಬರ್ ಮೀಟರಿನಲ್ಲಿ ಒತ್ತೋದು. ಬಚ್ಚಲ ತೊಟ್ಟಿ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಲಿ, ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡೋದು.

ಒಪ್ಪಂದದ ಪ್ರತಿ ಬಂದ್ರೆ ಗುಂಪಿಗೆ ಹಾಕ್ಬೇಡಿ ಅಕ್ಕಾ, ಪಾಸ್‌ಪೋರ್ಟ್ ನಂಬರ್ ಇರುತ್ತೆ. ನನಗೊಬ್ಬಳಿಗೇ ಕಳಿಸಿ.