ಡಾಕ್ಟರು ಗುಳಿಗೆ ಬಿಟ್ಟು ‘ಜನರ ಜೊತೆ ಇರಿ’ ಅಂತ ಬರೆದುಕೊಟ್ಟಿದ್ದಾರೆ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಅತ್ತೆಯನ್ನು ಎಲ್ಲಿಗೆ ಕಳಿಸಲಿ?

ಡೊಂಬಿವಲಿ ಸೊಸೆ:
ನಮ್ಮ ಅತ್ತೆಗೆ 67. ಮಾವ ಹೋದ ಮೇಲೆ ಬಾಗಲಕೋಟೆ ಕಡೆಯಿಂದ ಬಂದು ನಮ್ಮ ಜೊತೆ ಇದ್ದಾರೆ, ಎಂಟು ತಿಂಗಳಾಯ್ತು. ರಾತ್ರಿ ನಿದ್ದೆ ಇಲ್ಲ, ಎದೆ ಭಾರ ಅಂತಾರೆ. ಇಸಿಜಿ, ಥೈರಾಯ್ಡ್, ಬಿ12 ಎಲ್ಲ ನಾರ್ಮಲ್. ನಿದ್ದೆ ಗುಳಿಗೆ ಕೊಡ್ತಾರೆ ಅಂದುಕೊಂಡು ಹೋದರೆ ಡಾಕ್ಟರು ಚೀಟಿಯಲ್ಲಿ ‘ದಿನಾ ಒಂದು ತಾಸು ಮನೆ ಹೊರಗೆ, ಜನರ ಜೊತೆ’ ಅಂತ ಬರೆದುಕೊಟ್ಟರು. ಮೆಡಿಕಲ್ ಶಾಪಿನವನು ಚೀಟಿ ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟ.
ನಾನೂ ಯಜಮಾನರೂ 7:50ರ ಲೋಕಲ್ ಹಿಡಿದರೆ ಮನೆಗೆ ಬರೋದು ರಾತ್ರಿ ಎಂಟಕ್ಕೆ. ಅತ್ತೆಗೆ ಮರಾಠಿ ಬರಲ್ಲ. ಕೆಳಗೆ ಬೆಂಚಿನ ಮೇಲಿನ ಹೆಂಗಸರು ‘ಜೇವಣ ಝಾಲಂ ಕಾ’ (ಊಟ ಆಯ್ತಾ) ಅಂತ ಕೇಳಿದರೆ ತಲೆ ಅಲ್ಲಾಡಿಸಿ ಲಿಫ್ಟ್ ಹತ್ತಿಬಿಡ್ತಾರೆ. ಏನು ಮಾಡಲಿ?

ಮಾಟುಂಗದ ಹಳಬ:
ಮುಂಬೈಗೆ, ನಮ್ಮ ಮಾಟುಂಗಕ್ಕೆ ಕರೆದುಕೊಂಡು ಬನ್ನಿ ತಂಗಿ. ಇಲ್ಲಿ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಕರ್ನಾಟಕ ಸಂಘವೂ ಇದೆ, ನಾಟಕ ಸಂಗೀತ ಏನಾದರೂ ನಡೀತಾನೇ ಇರುತ್ತೆ. ಆದರೆ ಫಾಸ್ಟ್ ಲೋಕಲ್ ಇಲ್ಲಿ ನಿಲ್ಲಲ್ಲ, ಸ್ಲೋ ಹತ್ತಿಸಿ. ಅಂದಹಾಗೆ, ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ದೊಡ್ಡ ಡಾಕ್ಟರು ಆಗಿದ್ದ ವಿವೇಕ್ ಮೂರ್ತಿ 2023ರಲ್ಲಿ ಒಂಟಿತನವೇ ಒಂದು ಆರೋಗ್ಯ ಸಮಸ್ಯೆ ಅಂತ ವರದಿ ಕೊಟ್ಟರಲ್ಲ, ಅವರ ಮೂಲ ನಮ್ಮ ಮಂಡ್ಯದ ಹಲ್ಲೇಗೆರೆ!

ಪುಣೆ ಸಿಸ್ಟರ್:
ಹಳಬರೇ, 67ರ ಹೆಂಗಸನ್ನು ದಿನಾ ಡೊಂಬಿವಲಿ ರಶ್ಶಲ್ಲಿ ಹತ್ತಿಸ್ತೀರಾ? ತಿಂಗಳಿಗೊಮ್ಮೆ ಭಾನುವಾರ ಸರಿ.
ನಾನು ಇಂಗ್ಲೆಂಡಿನಲ್ಲಿ ಆರು ವರ್ಷ ನರ್ಸ್ ಆಗಿದ್ದೆ. ಅಲ್ಲಿ ಇದಕ್ಕೆ ಸೋಶಿಯಲ್ ಪ್ರಿಸ್ಕ್ರೈಬಿಂಗ್ ಅಂತಾರೆ. ಆದರೆ ಅಲ್ಲಿ ಡಾಕ್ಟರು ಬರೆದು ಕೈ ತೊಳೆದುಕೊಳ್ಳಲ್ಲ, ಲಿಂಕ್ ವರ್ಕರ್ ಅಂತ ಒಬ್ಬರ ಹತ್ತಿರ ಕಳಿಸ್ತಾರೆ. ಇಂಥ 1,000 ಜನರನ್ನು ನೇಮಿಸ್ತೀವಿ ಅಂತ 2019ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳಿತ್ತು. ಅವರು ಕೂತು ಮೊದಲು ಕೇಳೋದು ‘ನಿಮಗೇನಾಗಿದೆ’ ಅಂತಲ್ಲ, ‘ನಿಮಗೇನು ಮುಖ್ಯ’ ಅಂತ. ಆಮೇಲೆ ತೋಟದ ಕೆಲಸವೋ, ಹಾಡೋ ಗುಂಪೋ, ಸಾಲದ ತಲೆನೋವಿದ್ದರೆ ಅದಕ್ಕೆ ಸಲಹೆ ಕೊಡೋರೋ, ಹೀಗೆ ಹುಡುಕಿ ಕೊಡ್ತಾರೆ, ಎಷ್ಟೋ ಸಲ ಮೊದಲ ದಿನ ತಾವೇ ಜೊತೆಗೆ ಹೋಗ್ತಾರೆ. ಹೊಸ ಜಾಗದ ಬಾಗಿಲು ದಾಟೋದೇ ಕಷ್ಟ ಅಲ್ವಾ. ನಿಮ್ಮನೇಲಿ ಆ ಲಿಂಕ್ ವರ್ಕರ್ ನೀವೇ. ಒಂದು ವಾರ ರಜಾ ಹಾಕಿ ಅವರ ಜೊತೆ ಕೆಳಗೆ ಕೂತುಕೊಳ್ಳಿ.

ಸುಮ್ನೆ ಓದುಗ:
ಸೊಸೆಗೇ ಇನ್ನೊಂದು ಕೆಲಸ! ಮಗನೂ ರಜಾ ಹಾಕಬಹುದಲ್ಲ. ಇನ್ನೊಂದು ವಿಷಯ, ಎಂಟು ತಿಂಗಳು ನಿದ್ದೆ ಇಲ್ಲ ಅಂದರೆ ಬರೀ ಬೇಜಾರು ಅಂದುಕೊಳ್ಳಬೇಡಿ, ಖಿನ್ನತೆ ಇರಬಹುದು. ಮನೋವೈದ್ಯರಿಗೂ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲೂ ಸಿಗುತ್ತೆ.

ಡೊಂಬಿವಲಿ ಸೊಸೆ (ಮೂರು ವಾರದ ಮೇಲೆ):
ಎಲ್ಲರಿಗೂ ಥ್ಯಾಂಕ್ಸ್. ಯಜಮಾನರು ನಾಲ್ಕು ದಿನ, ನಾನು ಮೂರು ದಿನ ರಜಾ ಹಾಕಿದ್ವಿ. ‘ನಿಮಗೇನು ಮುಖ್ಯ’ ಅಂತ ಕೇಳಿದರೆ ಅತ್ತೆ ‘ರೊಟ್ಟಿ ತಟ್ಟೋಕೆ ಈ ಗ್ಯಾಸ್ ಕಟ್ಟೆ ಎತ್ತರ ಆಗ್ತದ’ ಅಂದರು. ಎಂಟು ತಿಂಗಳು ನನಗೆ ಹೊಳೆದೇ ಇರಲಿಲ್ಲ. ಕೆಳಗೆ ಮಣೆ, ಸಣ್ಣ ಒಲೆ ಇಟ್ಟುಕೊಟ್ಟೆವು. ಜೋಳದ ರೊಟ್ಟಿ ಬಡಿಯೋ ಸದ್ದು ಕೇಳಿ ಕೆಳಗಿನ ಮನೆ ಆಂಟಿ ಮೇಲೆ ಬಂದರು. ಜಗಳಕ್ಕೆ ಬಂದರು ಅಂದುಕೊಂಡೆ. ‘ಯಾರ್ರೀ ರೊಟ್ಟಿ ಬಡೀತಿರೋದು?’ ಅಂತ ಕನ್ನಡದಲ್ಲೇ ಕೇಳಬೇಕಾ! ಸೊಲ್ಲಾಪುರದ ಅಕ್ಕಲಕೋಟೆಯವರಂತೆ, ಇಷ್ಟು ದಿನ ಲಿಫ್ಟಲ್ಲಿ ನಾವಿಬ್ಬರೂ ಮುರುಕು ಹಿಂದಿ ಮಾತಾಡ್ತಿದ್ದೆವು. ಈಗ ಸಂಜೆ ಐದಕ್ಕೆ ಅವರೇ ಬಂದು ಅತ್ತೆಯನ್ನು ಬೆಂಚಿಗೆ ಕರೆದುಕೊಂಡು ಹೋಗ್ತಾರೆ. ನಿದ್ದೆ ಇನ್ನೂ ಅಷ್ಟಕ್ಕಷ್ಟೇ. ಗುರುವಾರ ಮನೋವೈದ್ಯರ ಅಪಾಯಿಂಟ್‌ಮೆಂಟ್ ಇದೆ, ಆಂಟಿನೂ ಬರ್ತೀನಿ ಅಂದಿದ್ದಾರೆ.